ಮೂರು ಸಲ ಜಾರಿದ ಗಂಟು

ಮಾಮಾ,

ಈ ಸಲದ ಸೈಕಲ್ ರೇಸಿನ ದಿನ ಕೊಲ್ಹಾಪುರದ ಮೈದಾನದಲ್ಲಿ ಒಂದು ಮೇಜಿನ ಮೇಲೆ ನಿನ್ನ ಫೋಟೋ ಇಟ್ಟಿದ್ದರು. ಅದೇ ಫೋಟೋ, ಸ್ಟುಡಿಯೋದವನ ಕೋಟು ಹಾಕಿಕೊಂಡು ತೆಗೆಸಿದ್ದು, ತೋಳು ನಿನಗೆ ಗಿಡ್ಡ ಆಗಿತ್ತಲ್ಲ, ಅದು. ಪಕ್ಕದಲ್ಲಿ ಚೆಂಡು ಹೂವಿನ ಹಾರ, ಎರಡು ಊದಿನಕಡ್ಡಿ, ಹಿಂದೆ ಕಟ್ಟಿದ ಬಟ್ಟೆಯ ಮೇಲೆ ನಿನ್ನ ಹೆಸರು. ರೇಸಿನ ಸಮಿತಿಯ ಸೆಕ್ರೆಟರಿ ಮೈಕ್ ಹಿಡಿದು ಮರಾಠಿಯಲ್ಲಿ ನಿನ್ನನ್ನು 'ಪ್ರಾಮಾಣಿಕಪಣಾಚಾ ಪುತಳಾ' ಅಂದ. ಪ್ರಾಮಾಣಿಕತೆಯ ಪುತ್ಥಳಿಯಂತೆ ನೀನು! ಮುಂದೆ ನಿಂತ ಐವತ್ತು ಅರವತ್ತು ಸೈಕಲ್ಲುಗಳ ಹುಡುಗರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ನೀನು ಹೋಗಿ ಏಳು ತಿಂಗಳಾಯಿತು. ಅತ್ತದ್ದು ಒಂದೇ ಸಲ. ಉಳಿದ ದಿನಗಳಲ್ಲಿ ನಿನ್ನನ್ನು ನೆನೆಸಿಕೊಂಡಾಗೆಲ್ಲ ಹೇಸಿಗೆಯಾಗಿದೆ. ನಿನ್ನ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಅದನ್ನು ನಿನ್ನ ಮುಖಕ್ಕೇ ಹೇಳಬೇಕಿತ್ತು. ಒಂದೂವರೆ ವರ್ಷ ಒಂದೇ ಅಂಗಡಿಯಲ್ಲಿ, ಒಂದೇ ಗಂಗಾಳದಲ್ಲಿ ಉಂಡೆವು. ಹೇಳಲಿಲ್ಲ.

ನಾನು ನಿನ್ನ ಅಂಗಡಿಗೆ ಬಂದ ದಿನ ನೆನಪಿದೆಯೇ? ತುರ್ತು ಪರಿಸ್ಥಿತಿ ಮುಗಿದ ಮರುವರ್ಷ. ಗಡಹಿಂಗ್ಲಜದ ಶಾಲೆಯಲ್ಲಿ ನಾನು ಒಂಬತ್ತನೆಯದು ಓದುತ್ತಿದ್ದೆ, ನೂಲದಿಂದ ದಿನಾ ಸೈಕಲ್ ತುಳಿದುಕೊಂಡು ಹೋಗಿ. ಇನ್‌ಸ್ಪೆಕ್ಟರ್ ಬರುತ್ತಾರೆಂದು ಹಿಂದಿನ ದಿನ ಪಕ್ಕದ ಶಾಲೆಯಿಂದ ಪುಸ್ತಕಗಳನ್ನು ತಂದು ನಮ್ಮ ಖಾಲಿ ಕಪಾಟಿನಲ್ಲಿ ತುಂಬಿದ್ದರು. ಇನ್‌ಸ್ಪೆಕ್ಟರ್ ನನ್ನನ್ನೇ ಎಬ್ಬಿಸಿ, ಇದರಲ್ಲಿ ಯಾವ ಪುಸ್ತಕ ಓದಿದ್ದೀ ಎಂದು ಕೇಳಿದರು. ನಾನು, ಇವು ನಿನ್ನೆ ಸಂಜೆ ಬಂದಾವ್ರಿ, ನಾಳೆ ಹೋಗ್ತಾವ್ರಿ ಅಂದೆ. ಅವರು ಹೋದ ಮೇಲೆ ಹೆಡ್‌ಮಾಸ್ತರರು ರೂಲುಕಟ್ಟಿಗೆ ಮುರಿಯುವ ತನಕ ಹೊಡೆದರು. ಕ್ಷಮೆ ಕೇಳು ಅಂದರು. ಕೇಳಲಿಲ್ಲ. ಚೀಲವನ್ನು ಅಲ್ಲೇ ಬಿಟ್ಟು ಬಂದೆ. ಅವ್ವ ತಲೆಯ ಮೇಲೆ ಕೈಹೊತ್ತು ಕೂತಳು, ಆಮೇಲೆ ನಿನಗೆ ಕಾಗದ ಹಾಕಿಸಿದಳು. ನಾನು ಇಚಲಕರಂಜಿಯಲ್ಲಿ ಬಸ್ಸಿಳಿದು ಅಂಗಡಿ ಹುಡುಕಿಕೊಂಡು ಬಂದಾಗ ನೀನು ನನ್ನ ಊದಿದ ಅಂಗೈ ನೋಡಿ ಏನಂದೆ? "ಖರೇ ಹೇಳಿ ಹೊಡಸಿಕೊಂಡ ಕೈ ಐತಿ ಇದು. ನಮ್ಮ ಅಂಗಡಿಗೆ ಇಂಥದ್ದ ಬೇಕು." ಆ ಒಂದು ಮಾತಿಗೆ ನಾನು ನಿನ್ನನ್ನು ದೇವರ ಹಾಗೆ... ಹೋಗಲಿ ಬಿಡು.

ಮೊದಲು ನೀನು ನನ್ನನ್ನು ಮಗ್ಗದ ಶೆಡ್ಡಿಗೆ ಸೇರಿಸಿದ್ದೆ. ಇಪ್ಪತ್ನಾಲ್ಕು ಮಗ್ಗಗಳು ಒಟ್ಟಿಗೆ ಬಡಿಯುವ ಆ ಸದ್ದಿನಲ್ಲಿ ನಾನು ಒಂದು ತಿಂಗಳೂ ನಿಲ್ಲಲಿಲ್ಲ. ಆಮೇಲೆ ಖಾನಾವಳಿ, ಆಮೇಲೆ ಟೆಂಪೋದ ಕ್ಲೀನರ್, ಆಮೇಲೆ ಬೆಲ್ಲ ಕಾಯಿಸುವ ಗುರ್ಹಾಳ. ಎಲ್ಲಿಯೂ ಕಾಲು ನಿಲ್ಲದು. ಕೊನೆಗೆ ನೀನೇ ನನ್ನನ್ನು ಅಂಗಡಿಯಲ್ಲಿ ಕೂರಿಸಿ ಚಕ್ರದ ಔಟ್, ಅಂದರೆ ಡೊಂಕು, ತೆಗೆಯುವುದನ್ನು ಕಲಿಸಿದೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸುವುದು, ಚಕ್ರ ತಿರುಗಿಸುವುದು, ರಿಮ್ಮಿನ ಹತ್ತಿರ ಸೀಮೆಸುಣ್ಣದ ಖಡು ಹಿಡಿಯುವುದು. ಎಲ್ಲಿ ಡೊಂಕಿದೆಯೋ ಅಲ್ಲಿ ಬಿಳಿ ಗೆರೆ ಬೀಳುತ್ತದೆ, ಅಲ್ಲಿಯ ಕಡ್ಡಿಗಳನ್ನು ಕೀಲಿಯಿಂದ ಬಿಗಿಯುವುದು, ಇಲ್ಲವೇ ಸಡಿಲಿಸುವುದು. "ಖಡುಕ ಬೀಗರು ಸೋಯರಿ ಯಾರೂ ಇಲ್ಲ ಅಳಿಯಾ. ಡೊಂಕ ಇದ್ದಲ್ಲಿ ಗೆರಿ ಹಾಕ್ತೈತಿ, ಅದು ಯಾರ ಗಾಡಿ ಅಂತ ಕೇಳೂದಿಲ್ಲ." ಇದನ್ನು ನೀನು ಎಷ್ಟು ಸಲ ಹೇಳಿದ್ದೆ! ಈಗ ನೆನಸಿದರೆ ಮೈ ಉರಿಯುತ್ತದೆ.

ನಿನ್ನ ಬೆರಳುಗಳನ್ನು ನಾನು ಮೊದಲು ನೋಡಿದ್ದು ಅಂಗಡಿಯಲ್ಲಲ್ಲ, ಆ ಶೆಡ್ಡಿನಲ್ಲಿ. ನನ್ನನ್ನು ಸೇರಿಸಲು ಬಂದಿದ್ದ ದಿನ ಒಂದು ಮಗ್ಗದಲ್ಲಿ ಹಾಸಿನ ಎಳೆ ಕಡಿಯಿತು. ಮಗ್ಗದವನು ನಿನ್ನ ಹಳೆಯ ಗೆಳೆಯ. ಅವನು ಕೈ ಹಾಕುವ ಮೊದಲೇ ನೀನು ಬಗ್ಗಿ ಎರಡು ತುದಿ ಹಿಡಿದೆ, ಹೆಬ್ಬೆರಳು ಒಮ್ಮೆ ಹೊರಳಿತು, ಗಂಟು ಬಿದ್ದಿತ್ತು. ನಾನು ನೋಡುತ್ತಲೇ ಇದ್ದೆ, ಆದರೂ ಕಾಣಲಿಲ್ಲ. ಹದಿನೆಂಟು ವರ್ಷ ನೇಯ್ದ ಕೈ. ಕೆಮ್ಮು ಹತ್ತಿ, ಒಂದು ಕಿವಿ ಕಿವುಡಾಗಿ, ಮಗ್ಗ ಬಿಟ್ಟು ಸೈಕಲ್ ಅಂಗಡಿ ಹಾಕಿದ್ದರೂ ಬೆರಳು ಮರೆತಿರಲಿಲ್ಲ. ಆ ಗಂಟನ್ನು ನನಗೂ ಕಲಿಸಿದೆ. ನನಗೆ ಬರಲು ಎರಡು ತಿಂಗಳು ಬೇಕಾಯಿತು.

ರೇಸಿನವರು ನಿನ್ನನ್ನು ತಿರುವಿನಲ್ಲಿ ನಿಲ್ಲಿಸುತ್ತಿದ್ದುದೂ ಆ ಗಂಟಿಗಾಗಿಯೇ ತಾನೆ? ಕೊಲ್ಹಾಪುರದಿಂದ ಹೊರಟು, ಹಾತಕಣಂಗಲೆಯ ಮೇಲೆ ಇಚಲಕರಂಜಿಗೆ ಬಂದು, ತಿರುಗಿ ಕೊಲ್ಹಾಪುರ ಮುಟ್ಟುವ ರೇಸು. ಸಾದಾ ಸೈಕಲ್ಲು, ಗೇರು ಇಲ್ಲ, ತೆಳು ಟೈರು ಇಲ್ಲ. ಅರ್ಧ ದಾರಿಗೇ ಯಾರೂ ತಿರುಗಿ ಬರಬಾರದೆಂದು ಇಚಲಕರಂಜಿಯ ನಾಕಾದಲ್ಲಿ ಪ್ರತಿಯೊಬ್ಬನ ಹ್ಯಾಂಡಲ್ಲಿಗೆ ಒಂದು ಬಣ್ಣದ ದಾರ ಕಟ್ಟುವುದು. ಯಾವ ಬಣ್ಣವೆಂದು ಆ ಬೆಳಿಗ್ಗೆಯವರೆಗೆ ನಿನ್ನೊಬ್ಬನಿಗೇ ಗೊತ್ತು. ಬಣ್ಣ ಹೇಗೋ ಬಯಲಾದರೂ ಗಂಟು ನಿನ್ನದೇ ಆಗಿರಬೇಕು, ರೇಸು ಮುಗಿಯುವಲ್ಲಿ ಅದನ್ನು ನೋಡಿಯೇ ಗೆದ್ದವನ ಹೆಸರು ಕೂಗುತ್ತಿದ್ದರು. ಸವಾರ ಒಂದು ಕಾಲು ನೆಲಕ್ಕೆ ಊರಿ ನಿಲ್ಲಬೇಕು, ದಾರ ಮುಟ್ಟುವ ಹಾಗಿಲ್ಲ. ನೀನು ಕಟ್ಟಿ, ಭುಜ ತಟ್ಟಿ, "ಹೋಗ" ಅನ್ನಬೇಕು. ಚಿಟಿಕೆ ಹೊಡೆಯುವಷ್ಟು ಹೊತ್ತು. ಒಂದು ವರ್ಷ ಏಳು ಜನ ಒಟ್ಟಿಗೆ ಬಂದಾಗ ಏಳು ಗಂಟು ಹಾಕಿ ಮುಗಿಸಿ ನೀನು ಬೀಡಿ ಹಚ್ಚಿದ್ದೆ ಅಂತ ಊರೆಲ್ಲ ಹೇಳುತ್ತಿತ್ತು.

ಎರಡು ವರ್ಷದ ಹಿಂದೆ, ರೇಸಿನ ಮುನ್ನಾದಿನ ಅಕಿವಾಟದಿಂದ ಬೀರೂ ಬಂದಿದ್ದ. ಕುರಿ ಕಾಯುವ ಮನೆಯ ಹುಡುಗ, ನನ್ನ ವಾರಿಗೆಯವನೇ, ಕಪ್ಪಗೆ, ಬಿದಿರಿನ ಹಾಗೆ ಉದ್ದಕ್ಕೆ. ಹಿಂದಿನ ಚಕ್ರ ಹಾವಿನ ಹಾಗೆ ಓಲಾಡುತ್ತಿತ್ತು. "ಕಾಕಾ, ನಾಳೆ ರೇಸ್ ಐತ್ರಿ. ಔಟ್ ತಗದ ಕೊಡ್ರಿ," ಅಂದ. ನಾನು ಒಳಗಿನಿಂದಲೇ, ನಾಳಿಗೆ ರೇಸ್ ಇಟಗೊಂಡ ಇವತ್ತ ನೆನಪಾತೇನಪಾ, ಮದಿವಿ ದಿನ ಗಡ್ಡ ಬೋಳಿಸಿಕೊಂಡಂಗ, ಅಂದೆ. ಅವನು ನಕ್ಕು, "ಕುರಿಗೆ ಏನ ಗೊತ್ತೋ ರೇಸ್ ಯಾವತ್ತ ಅಂತ. ಬಿಟ್ಟರ ಬರಬೇಕಲ್ಲ," ಅಂದ. ನೀನು ಮರುದಿನದ ರೇಸಿಗೆ ಸಜ್ಜು ಮಾಡುತ್ತಿದ್ದ ನನ್ನ ಸೈಕಲ್ಲನ್ನು ಬದಿಗಿಟ್ಟು ಅವನ ಚಕ್ರ ಹಿಡಿದು ಕೂತೆ. ಖಡು ಗೆರೆ ಎಳೆಯದ ತನಕ ಬಿಡಲಿಲ್ಲ. ಹನ್ನೊಂದು ಕಡ್ಡಿ ಬದಲಿಸಿದೆ. ಅವನು ಕೊಡಲು ಬಂದದ್ದನ್ನೂ ತಗೊಳ್ಳಲಿಲ್ಲ. ನಾನು ಹಲ್ಲು ಕಡಿಯುತ್ತ ಕೂತಿದ್ದೆ. ಅವನು ಹೋದ ಮೇಲೆ, ಮಾಮಾ, ಅವನ ಗಾಡಿ ನನ್ನಕಿಂತಾ ಛಲೋ ಆತಲ್ಲ ಅಂದೆ. "ಆಗಲಿ. ಸರಿ ಇದ್ದ ಗಾಡಿ ಸೋಲಿಸಿದರ ಅದು ಗೆಲುವು," ಅಂದೆ ನೀನು. ಇದನ್ನು ನೀನು ಮನಸ್ಸಿನಿಂದಲೇ ಹೇಳಿದ್ದೆಯಾ? ಅಂದು ಸಂಜೆಗೆ ಹಾಗಿದ್ದವನು ಮಾರನೆಯ ಬೆಳಿಗ್ಗೆಗೆ ಹೇಗೆ...

ಆ ಬೆಳಿಗ್ಗೆ ಪಂಚಗಂಗೆಯ ಸೇತುವೆಯ ಮೇಲೆ ಮಂಜು ಎಷ್ಟಿತ್ತೆಂದರೆ ಮುಂದಿನವನ ಬೆನ್ನು ಕಾಣದು, ಅವನ ಚೈನಿನ ಸದ್ದಷ್ಟೇ. ಎಲ್ಲರೂ ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು ಬಿಚ್ಚಿ ಹಗುರ ಮಾಡಿಕೊಂಡಿದ್ದರು. ಬೀರೂನದು ಮಾತ್ರ ಕ್ಯಾರಿಯರ್ ಸಮೇತ. ಬಿಚ್ಚಲು ಪಾನಾ ಇರಲಿಲ್ಲವಂತೆ. ಶಿರೋಲಿ ನಾಕಾದ ತನಕ ಗುಂಪಾಗಿದ್ದೆವು. ಹೆರಲೆಯ ಹತ್ತಿರ ಕಬ್ಬಿನ ಗಾಡಿಗಳ ಸಾಲು ಅಡ್ಡ ಬಂತು. ಒಬ್ಬ ಗಾಡಿಯವನು ಎಲೆ ಅಡಿಕೆಯ ರಸವನ್ನು ನನ್ನ ಮೊಣಕಾಲಿನ ಮೇಲೇ ಉಗುಳಿ, "ಹೇ ಹೇ" ಎಂದು ಎತ್ತಿಗೆ ಅಂದನೋ ನನಗೆ ಅಂದನೋ. ಅಲ್ಲಿ ಬೀರೂ ಗಾಡಿಗಳ ಎಡಗಡೆಯ ಮಣ್ಣಿಗಿಳಿದು ದಾಟಿಬಿಟ್ಟ. ನಾನು ಕಾದೆ. ಹಾತಕಣಂಗಲೆ ಬರುವಾಗ ಅವನು ಕಣ್ಣಿಗೆ ಬೊಟ್ಟಿನಷ್ಟು. ಕಬನೂರು ಬರುವಾಗ ಅದೂ ಇಲ್ಲ. ನನ್ನ ಎದೆ ಹರಿಯುತ್ತಿತ್ತು, ಬಾಯಲ್ಲಿ ತಾಮ್ರದ ರುಚಿ. ಎರಡನೆಯವನಾದರೂ ಆಗುತ್ತೇನೆ ಎಂದು ತುಳಿಯುತ್ತಿದ್ದೆ. ಎರಡನೆಯವನು! ಅದರಲ್ಲೇನು ಕಡಿಮೆಯಿತ್ತು ಮಾಮಾ? ಒಂಬತ್ತನೆಯದು ಪಾಸಾಗದವನಿಗೆ ಅದು ಸಾಲದಾಗಿತ್ತೇ?

ನಾಕಾದ ತಿರುವಿನಲ್ಲಿ ನಿನ್ನ ಕೆಂಪು ಮಫ್ಲರ್ ಕಂಡಿತು. ಅದರ ಮುಂದೆ ಬೀರೂ, ಒಂದು ಕಾಲು ನೆಲಕ್ಕೆ ಊರಿ ನಿಂತೇ ಇದ್ದ. ಅವನು ಯಾವಾಗಲೋ ಹೋಗಿರಬೇಕಿತ್ತು. ನಾನು ಮೊದಲು ಅವನ ಟೈರು ಪಂಚರ್ ಆಗಿದೆ ಅಂದುಕೊಂಡೆ. ಹತ್ತಿರ ಬಂದೆ. ನೀನು ಹಳದಿ ದಾರವನ್ನು ಅವನ ಹ್ಯಾಂಡಲ್ಲಿಗೆ ಸುತ್ತಿ ಗಂಟು ಹಾಕಿ ಎಳೆದೆ, ಜಾರಿತು. ಮತ್ತೆ ಸುತ್ತಿದೆ, ಎಳೆದೆ, ಜಾರಿತು. ಬೀರೂ, "ಲಗೂ ಮಾಡ್ರಿ ಕಾಕಾ, ಬಂದ ನೋಡ್ರಿ ಹಿಂದ," ಅನ್ನುತ್ತಿದ್ದ. ನೀನು ಬೆರಳುಗಳನ್ನು ಬಾಯಿಗೆ ಹಿಡಿದು ಊದಿದೆ. "ಥಂಡಿಗೆ ಬೆರಳ ಮರಗಟ್ಟ್ಯಾವ ತಮ್ಮಾ," ಅಂದೆ. ಮೂರನೆಯ ಸಲ ಸುತ್ತುವಾಗ ನಾನು ಪಕ್ಕದಲ್ಲಿ ಕಾಲು ಊರಿದೆ. ನೀನು ತಲೆಯೆತ್ತಿ ನನ್ನನ್ನು ನೋಡಿದೆ. ಅರೆಕ್ಷಣ. ಕೂಡಲೇ ಅವನ ಗಂಟು ಬಿದ್ದಿತು. ಅವನ ಭುಜ ತಟ್ಟಿದ ಕೈ ನನ್ನ ಹ್ಯಾಂಡಲ್ಲಿಗೆ ಬಂತು. ನನ್ನ ಗಂಟು? ಚಿಟಿಕೆ. ಮರಗಟ್ಟಿದ ಬೆರಳು, ಚಿಟಿಕೆ ಹೊಡೆಯುವಷ್ಟರಲ್ಲಿ! ಅವನು ಎರಡು ಪೆಡಲ್ ತುಳಿಯುವ ಮೊದಲೇ ನಾನು ಅವನ ಬೆನ್ನಿಗಿದ್ದೆ.

ನಾನು ಅದನ್ನು ನೋಡಿದೆ. ನಾನು ಹೇಳಬೇಕೆಂದಿರುವುದು ಇದನ್ನೇ. ಗೊತ್ತಾಗಲಿಲ್ಲ, ಆಮೇಲೆ ಹೊಳೆಯಿತು ಎಂದು ಬರೆಯಬಹುದು, ನೀನು ಬಂದು ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿಯೇ, ಕಾಲು ಊರಿದ ಜಾಗದಲ್ಲೇ ಗೊತ್ತಾಯಿತು. ಗೊತ್ತಿದ್ದೂ ತುಳಿದೆ. ಇನ್‌ಸ್ಪೆಕ್ಟರರ ಮುಂದೆ ಬಾಯಿ ತೆರೆದಿದ್ದ ನಾನು ಅಲ್ಲಿಂದ ಕೊಲ್ಹಾಪುರದ ತನಕ ಬಾಯಿ ಮುಚ್ಚಿಕೊಂಡು ತುಳಿದೆ. ಬೀರೂನ ಬೆವರು ನಿಂತಲ್ಲೇ ತಣ್ಣಗಾಗಿ ಮೀನಖಂಡ ಹಿಡಿದುಕೊಂಡಿತ್ತು. ಸೇತುವೆ ಏರುವಾಗ ಅವನು ಒಂದು ಕೈಯಿಂದ ಕಾಲು ತಿಕ್ಕಿಕೊಳ್ಳುತ್ತ ತುಳಿಯುತ್ತಿದ್ದ. ಆದರೂ ನಾನು ಗೆದ್ದದ್ದು ಬರೀ ಒಂದು ಚಕ್ರದಷ್ಟರಲ್ಲಿ.

ಆಮೇಲೆ ಗುಲಾಲು. ಯಾರು ಯಾರೋ ನನ್ನನ್ನು ಹೆಗಲಿಗೇರಿಸಿದರು. ಮುಷ್ಟಿ ಮುಷ್ಟಿ ಗುಲಾಲು ಮುಖಕ್ಕೆ, ಮೂಗಿಗೆ, ಬಾಯಿಗೆ. ಅದರ ರುಚಿ ನಿನಗೆ ಗೊತ್ತೇನು? ಸುಣ್ಣ ಮತ್ತು ಸೀಮೆಎಣ್ಣೆ ಕಲಸಿದ ಹಾಗೆ. ಮಾಲೆ, ಭಾಷಣ, ಮರದ ಹಲಗೆಗೆ ಹಿತ್ತಾಳೆಯ ತಗಡು ಹೊಡೆದ ಬಹುಮಾನದ ಆ ಢಾಲು. ಬೀರೂ ದೂರದಲ್ಲಿ ನಳದ ಕೆಳಗೆ ಕಾಲು ಹಿಡಿದು ಕೂತಿದ್ದ. ಎದ್ದು ಬಂದು ನನ್ನ ಕೈ ಕುಲುಕಿ, "ಛಲೋ ಹೊಡದಿ ಬಿಡಪಾ," ಅಂದ. ನಾನು ಗುಲಾಲು ಉಗುಳಿದೆ. ಅವನ ಅಂಗಿಯ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲೂ ಇಲ್ಲ.

ಮಧ್ಯಾಹ್ನ ಇಚಲಕರಂಜಿಗೆ ಮರಳಿ ಬಂದಾಗ ನೀನು ಅಂಗಡಿಯಲ್ಲಿ ಯಾವುದೋ ಮಗ್ಗದ ಮಾಲಕರ ಮಗಳ ಸೈಕಲ್ಲಿಗೆ ಕಡ್ಡಿ ಹಾಕುತ್ತಿದ್ದೆ. ಸೂಜಿಯಂಥ ಕೆಲಸ, ಸರಸರನೆ. ನಾನು ಬಾಗಿಲಲ್ಲಿ ನಿಂತು ನಿನ್ನ ಬೆರಳು ನೋಡಿದೆ. ನಾನು ನೋಡುವುದನ್ನು ನೀನೂ ನೋಡಿದೆ. ಕೀಲಿ ಕೆಳಗಿಟ್ಟು ಗೋಡೆಗೆ ಒಂದು ಮೊಳೆ ಹೊಡೆದು ಢಾಲು ತೂಗುಹಾಕಿದೆ. "ಉಂಡಿಯೇನ?" ಅಂದೆ. ನಾನು ಇಲ್ಲ ಅಂದೆ. ಅಷ್ಟೇ. ಒಂದೂವರೆ ವರ್ಷ ನಮ್ಮಿಬ್ಬರ ನಡುವೆ ಆ ಮಾತು ಇಷ್ಟೇ ಆಯಿತು. ಮರುವರ್ಷ ರೇಸಿನವರು ಕರೆಯಲು ಬಂದಾಗ ನೀನು, "ಬೆರಳ ಮೊದಲಿನಂಗ ಇಲ್ರಿ, ಬ್ಯಾರೆಯವರನ್ನ ನಿಲ್ಲಸ್ರಿ," ಅಂದೆ. ನಾನು ಒಳಗೆ ಟ್ಯೂಬಿಗೆ ಪಂಚರ್ ಹಚ್ಚುತ್ತಿದ್ದೆ. ಆಗ ಒಂದು ಮಾತು ಆಡಬಹುದಿತ್ತು. ನೀನು ನನ್ನ ಕಡೆಗೆ ತಿರುಗಿದ್ದೂ ಹೌದು. ನಾನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತ ಕೂತೆ. ಆ ಮಳೆಗಾಲಕ್ಕೆ ನಿನಗೆ ಕಾಮಾಲೆಯಾಯಿತು. ಹದಿನೈದು ದಿನಕ್ಕೆ ಮುಗಿದೇ ಹೋಯಿತು. ಕೊನೆಗೆ ಕಣ್ಣುಗಳು ಆ ದಾರದಷ್ಟೇ ಹಳದಿಯಾಗಿದ್ದವು, ಮಾಮಾ. ಹೇಳಬಾರದೆಂದುಕೊಂಡಿದ್ದೆ, ಹೇಳಿಬಿಟ್ಟೆ.

ಈ ಸಲ ಮೈದಾನದಲ್ಲಿ ಫೋಟೋಕ್ಕೆ ಹಾರ ಹಾಕಲು ಕರೆದದ್ದು ನನ್ನನ್ನೇ. ಗೆದ್ದ ಅಳಿಯ ಅಂತ. ನಾನು ಹೋಗಿ ಹಾರದ ಬದಲು ಮೈಕ್ ಹಿಡಿದೆ. ನನ್ನ ಮುರುಕು ಮರಾಠಿಯಲ್ಲಿ, ಆ ವರ್ಷ ನಾನು ಗೆದ್ದಿಲ್ಲ, ಗೆದ್ದದ್ದು ಇವರ ಗಂಟು, ಅಕಿವಾಟದವನ ದಾರ ಇವರು ಬೇಕೆಂದೇ ತಡಮಾಡಿ ಕಟ್ಟಿದರು ಅಂದೆ. ಯಾರೋ ನಕ್ಕರು. ಆಮೇಲೆ ಎಲ್ಲರೂ. "ಸೋಡ ರೇ ಮಾಯಿಕ! ಯೇಡಾ ಝಾಲಾಸ ಕಾ?" ಹುಚ್ಚು ಹಿಡಿಯಿತೇನೋ, ಬಿಡು, ಎಂದು ಸೆಕ್ರೆಟರಿ ಮೈಕ್ ಕಸಿದುಕೊಂಡ. ಹುಡುಗನಿಗೆ ದುಃಖದಿಂದ ತಲೆ ಕೆಟ್ಟಿದೆ ಎಂದು ಜನಕ್ಕೆ ಹೇಳಿದ. ಆಮೇಲೆ ಪೆಂಡಾಲಿನ ಹಿಂದೆ ಕರೆದುಕೊಂಡು ಹೋಗಿ, ನನ್ನ ಹೆಗಲ ಮೇಲೆ ಕೈಯಿಟ್ಟು ಅವನು ಮೆಲ್ಲಗೆ ಹೇಳಿದ್ದು ಇದು: ಮಾಮಾ ಕಟ್ಟಿದ, ಅಳಿಯ ಗೆದ್ದ, ಅದರಲ್ಲೇನು? ನನ್ನ ಮಗ ಓಡಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ, ಮನೆಯವರಿಗೆ ಅಷ್ಟೂ ಮಾಡದವನು ಎಂಥ ಮನುಷ್ಯ? ಅವನ ಕೈ ಬೆಚ್ಚಗಿತ್ತು, ಅತ್ತರಿನ ವಾಸನೆ. ನಿಜವಾಗಿಯೂ ಪ್ರೀತಿಯಿಂದಲೇ ಹೇಳಿದ. ಅಲ್ಲಿಯೇ ಬಗ್ಗಿ ವಾಂತಿ ಮಾಡಿಕೊಂಡೆ. ನಿನ್ನ ಹೆಸರಿನ ರೇಸು ಅತ್ತ ಶಿಳ್ಳೆ ಊದಿ ಶುರುವಾಯಿತು.

ಮನೆಗೆ ಬಂದು ಅಂಗಡಿಯ ಮೊಳೆಯಿಂದ ಢಾಲು ಇಳಿಸುತ್ತಿದ್ದಾಗ ಮಾಮಿ ಒಳಗಿನಿಂದ ಬಂದಳು. ಸುದ್ದಿ ನನಗಿಂತ ಮೊದಲೇ ಬಂದಿತ್ತು. "ಎಲ್ಲಿಗೆ ಒಯ್ಯಾಕತ್ತಿ ಅದನ್ನ?" ಅಂದಳು. ಅಕಿವಾಟಕ್ಕ ಅಂದೆ. "ಉಂಡ ಮನಿ ಮರ್ಯಾದಿ ಸೈಕಲ್ ಕ್ಯಾರಿಯರ್ ಮ್ಯಾಲ ಕಟಗೊಂಡ ಹೊಂಟಿ ಏನಪಾ? ನಿಮ್ಮ ಮಾಮಾ ಅದನ್ನ ಯಾರ ಸಲುವಾಗಿ ಮಾಡಿದಾ? ತನ್ನ ಸಲುವಾಗಿ ಮಾಡಿದನೇನ?" ಅಂದರೆ ಅವಳಿಗೂ ಗೊತ್ತಿತ್ತು. ಅವಳೇ ಹೇಳಿದಳು, ಅಳುತ್ತ, ಬೈಯುತ್ತ. ರೇಸಿನ ಹಿಂದಿನ ರಾತ್ರಿ ನೀನು ಅಂದಿದ್ದೆಯಂತೆ, "ಸಾಲಿ ಬಿಟ್ಟ, ಮಗ್ಗ ಬಿಟ್ಟ, ಟೆಂಪೋ ಬಿಟ್ಟ. ಒಂದ ಸಲ ಗೆದ್ದರ ಹುಡುಗ ಒಂದ ಕಡೆ ನಿಲ್ತಾನ." ನನ್ನ ಕಾಲು ನಿಲ್ಲಿಸುವುದಕ್ಕೆ ಇನ್ನೊಬ್ಬನ ಕಾಲು ತಡೆದೆಯಾ ಮಾಮಾ? ಮತ್ತು ನೋಡು, ಅದು ನಿಂತಿತು. ಅದೇ ಎಲ್ಲಕ್ಕಿಂತ ಹೊಲಸು. ಎರಡು ವರ್ಷದಿಂದ ನಾನು ನಿನ್ನ ಅಂಗಡಿ ಬಿಟ್ಟು ಎಲ್ಲಿಗೂ ಹೋಗಿಲ್ಲ.

ಅಕಿವಾಟದ ಹೊರಗೆ ಒಂದು ಕೊಯ್ದ ಕಬ್ಬಿನ ಹೊಲದಲ್ಲಿ ಬೀರೂ ಕುರಿ ತರುಬಿದ್ದ. ರೇಸು ಬಿಟ್ಟು ಎರಡು ವರ್ಷವಾಗಿತ್ತಂತೆ. ಅವರವ್ವ ಕಂಬಳಿ ಹಾಸಿ ಕೂರಿಸಿ, ಹಿತ್ತಾಳೆ ತಂಬಿಗೆಯಲ್ಲಿ ಮಜ್ಜಿಗೆ ಕೊಟ್ಟಳು. ಢಾಲು ನೋಡಿ, "ಇದೇನ ಯಪ್ಪಾ, ದೇವರ ಪೀಠ ಏನ?" ಅಂದಳು. ನಾನು ಬೀರೂನಿಗೆ ಎಲ್ಲ ಹೇಳಿದೆ. ಮೊದಲಿನಿಂದ, ಒಂದೂ ಬಿಡದೆ. ಅವನಿಗೆ ಸಿಟ್ಟು ಬಂದೀತು, ಹೊಡೆದಾನು, ಹೊಡೆಯಲಿ ಎಂದುಕೊಂಡು ಹೋಗಿದ್ದೆ. ಅವನು ಕೋಲಿನ ತುದಿಯಿಂದ ನೆಲ ಕೆದರುತ್ತ ಕೇಳಿದ. ಆಮೇಲೆ, "ಅವತ್ತ ಮನಿಗೆ ಬಂದ ನಮ್ಮವ್ವಗ ಹೇಳಿದ್ದೆ," ಅಂದ. "ಪಾಪ, ಮುದುಕನ ಬೆರಳ ಥಂಡಿಗೆ ಮರಗಟ್ಟಿದ್ದುವು, ಆದರೂ ನನ್ನ ಸಲುವಾಗಿ ಮೂರ ಸಲ ಕಟ್ಟಿದಾ ಅಂತ. ಹಿಂದಿನ ದಿನ ಪುಕಟ ಔಟ್ ತಗದ ಕೊಟ್ಟಾಂವ ಹಂಗ ಮಾಡ್ತಾನಂತ ಯಾರಿಗೆ ಹೊಳೀತೈತೆಪಾ?" ಅವರವ್ವ, ನೀನು ಸತ್ತ ಸುದ್ದಿ ಕೇಳಿದ ದಿನ ಇವನು ಉಣ್ಣಲಿಲ್ಲ ಅಂದಳು.

ಬೀರೂ ನನ್ನನ್ನೇ ನೋಡುತ್ತ, "ಅಂವಾ ಹೋದಾ. ಅವನ ಮಾತ ಬಿಡು. ನೀ ನೋಡಿದ್ದಿ ಅಂತೀ. ಎರಡ ವರ್ಷ ಯಾಕ ಬಾಯಿ ಮುಚಗೊಂಡ ಕುಂತಿದ್ದಿ?" ಅಂದ. ಗೊತ್ತಿಲ್ಲ ಅಂದೆ. ಆಮೇಲೆ ಅದೂ ಸುಳ್ಳೆನಿಸಿ, ಢಾಲು ಬೇಕಾಗಿತ್ತು ಅಂದೆ. ಅವನು ಥೂ ಎಂದು ಉಗಿದ. ನನ್ನ ಮೇಲಲ್ಲ, ಪಕ್ಕಕ್ಕೆ. ಢಾಲು ಕೊಡಲು ಹೋದರೆ ಮುಟ್ಟಲಿಲ್ಲ. "ನೀ ತಂದ ಕೊಟ್ಟರ ನನ್ನದಾಗ್ತೈತೇನ? ನಾ ಗೆಲ್ತಿದ್ದೆ ಅಂತ ನಿನಗರೇ ಹೆಂಗ ಗೊತ್ತು? ನನಗರೇ ಹೆಂಗ ಗೊತ್ತು?" ಅಂದು ಎದ್ದು ನಿಂತು, "ನಾಡದ ಮುಂಜಾನೆ ಬರ್ತೀನಿ. ನಿಮ್ಮ ಅಂಗಡಿ ಮುಂದಿಂದ ಪಂಚಗಂಗಾ ಸೇತುವಿ ಮುಟ್ಟಿ ಹೊಳ್ಳಿ ಬರೂದು. ನೀ, ನಾ. ಯಾರೂ ದಾರ ಕಟ್ಟೂದ ಬ್ಯಾಡ," ಅಂದ.

ಅವನು ಬಂದ. ಅದೇ ಸೈಕಲ್ಲು, ಅದೇ ಕ್ಯಾರಿಯರ್. ಹಿಂದಿನ ಚಕ್ರ ಎತ್ತಿ ತಿರುಗಿಸಿ ಖಡು ಹಿಡಿದೆ. ಎರಡು ವರ್ಷ ಹೊಲ, ಹಳ್ಳ, ಕೆಸರಿನಲ್ಲಿ ಓಡಿದ ಚಕ್ರ, ಒಂದು ಗೆರೆ ಬೀಳಲಿಲ್ಲ ಮಾಮಾ. ಒಂದೂ. ಅಷ್ಟು ಸರಿಯಾಗಿ ಮಾಡಿಕೊಟ್ಟಿದ್ದೆ. ಆ ಕೈಗೆ ನಾನು ಮುಗಿಯಲೋ ಉಗಿಯಲೋ, ಇವತ್ತಿಗೂ ತಿಳಿದಿಲ್ಲ. ಮಾಮಿ ಬಾಗಿಲಿಗೆ ಬಂದು ನಮ್ಮಿಬ್ಬರನ್ನೂ ನೋಡಿ, ಒಳಗೆ ಹೋದಳು. ಹೊರಟೆವು.

ಕಬನೂರಿನ ತನಕ ಒಟ್ಟಿಗೇ ಇದ್ದೆವು. ಹಾತಕಣಂಗಲೆಯಲ್ಲಿ ಅವನು ಹಿಂತಿರುಗಿ ನೋಡಿದ, ಬಾ ಎನ್ನುವ ಹಾಗೆ. ಆಮೇಲೆ ನೋಡಲಿಲ್ಲ. ನಾನು ಸೇತುವೆಗೆ ಇನ್ನೂ ಎಷ್ಟೋ ದೂರವಿರುವಾಗಲೇ ಅವನು ಅದನ್ನು ಮುಟ್ಟಿ ಎದುರಿಗೆ ಬರುತ್ತಿದ್ದ. ನಾನೂ ಸೇತುವೆ ಮುಟ್ಟಿಯೇ ತಿರುಗಿದೆ. ಮಧ್ಯದಲ್ಲಿ ತಿರುಗಿದ್ದರೂ ನೋಡುವವರು ಯಾರೂ ಇರಲಿಲ್ಲ. ಅದರ ಕಬ್ಬಿಣದ ಕಂಬಿಗೆ ಕೈಯಿಟ್ಟೆ, ತಣ್ಣಗಿತ್ತು. ನಾನು ಅಂಗಡಿಗೆ ಮರಳಿದಾಗ ಬೀರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದು ಮುಗಿಸಿದ್ದ. ಚಹಾದ ಬಸಿಯನ್ನು ಬೋರಲು ಹಾಕಿದ್ದ. ಮಾಮಿಯೇ ಕೊಟ್ಟಿದ್ದಳು. ನನಗಿಟ್ಟ ಕಪ್ಪಿನಲ್ಲಿ ಚಹಾದ ಮೇಲೆ ಕೆನೆ ಕಟ್ಟಿತ್ತು.

ಇದು ನೀನು ಕೇಳದ ಸುದ್ದಿ. ನಾನು ಸೋತೆ. ಒಂದು ಚಕ್ರದಷ್ಟಲ್ಲ, ಒಂದು ಕಪ್ಪು ಚಹಾದಷ್ಟು. ಆದರೆ ನಿನಗೆ ಇದು ಮೊದಲೇ ಗೊತ್ತಿತ್ತಲ್ಲ? ಆ ಚಳಿಯಲ್ಲಿ ನಾಕಾದಲ್ಲಿ ನಿಂತು, ಬೀರೂ ಒಬ್ಬನೇ ಬರುವುದನ್ನು ನೋಡಿ, ನಿನ್ನ ಅಳಿಯನ ಕೈಯಲ್ಲಿ ಇದು ಆಗುವುದಲ್ಲ ಎಂದು ನೀನು ಅಳೆದೆ. ನೀನು ಸುಳ್ಳು ಮಾಡಿದ್ದಕ್ಕಿಂತ ಅದು ನನಗೆ ಹೆಚ್ಚು ಚುಚ್ಚಿದೆ. ನನ್ನ ಸೋಲನ್ನು ನನಗೇ ಬಿಟ್ಟುಕೊಡಬೇಕಿತ್ತು ಮಾಮಾ. ಅದೊಂದಾದರೂ ನನ್ನದಾಗಿರುತ್ತಿತ್ತು. ಈಗ ಎರಡು ವರ್ಷ ತಡವಾಗಿ ಸಿಕ್ಕಿದೆ.

ಬೀರೂ ಹೊರಡುವಾಗ ಢಾಲು ತಾ ಅಂದ, "ಈಗ ಒಯ್ತೀನಿ." ನಾನು ಅದನ್ನು ಅವನ ಕ್ಯಾರಿಯರ್ ಮೇಲಿಟ್ಟು, ನಿನ್ನ ದುಡ್ಡಿನ ಗಲ್ಲೆಯಲ್ಲಿ ಉಳಿದಿದ್ದ ಆ ಹಳದಿ ದಾರವನ್ನೇ ತಂದು ಸುತ್ತಿ ಕಟ್ಟಿದೆ. ನೀನು ಕಲಿಸಿದ ಗಂಟು. ಹೆಬ್ಬೆರಳು ಒಮ್ಮೆ ಹೊರಳಿತು, ಬಿದ್ದಿತ್ತು. ಬೀರೂ ಬಗ್ಗಿ ನನ್ನ ಬೆರಳುಗಳನ್ನೇ ನೋಡುತ್ತಿದ್ದ.

"ಇಷ್ಟ ಲಗೂ ಬೀಳ್ತೈತೇನ ಅದು?" ಅಂದ.

"ಹೌದು," ಅಂದೆ. "ಇಷ್ಟ ಲಗೂ."

ಅವನು ಸ್ವಲ್ಪ ಹೊತ್ತು ಗಂಟಿನ ಮೇಲೆ ಬೆರಳಾಡಿಸಿದ. ಆಮೇಲೆ ಮಾಮಿಗೆ ಕೈಮುಗಿದು ಸೈಕಲ್ ಹತ್ತಿ ಹೋದ. ನಿನ್ನ ಮೊಳೆ ಗೋಡೆಯಲ್ಲೇ ಇದೆ, ಕೀಳುವುದಿಲ್ಲ. ಢಾಲು ಎಲ್ಲಿ ಹೋಯಿತೆಂದು ಕೇಳಿದ ಪ್ರತಿಯೊಬ್ಬರಿಗೂ ಹೇಳುತ್ತೇನೆ, ಪೂರ್ತಿ. ಇವತ್ತು ಇಬ್ಬರು ಕೇಳಿದರು. ಇಬ್ಬರಿಗೂ ಹೇಳಿದೆ.

ನಿನ್ನ ಅಳಿಯ,
ಮಲ್ಲು